ಸತ್ತವರ ಕಣ್ಣಿನಲ್ಲಿ ಕೊಲೆಗಾರನ ಮುಖ ಉಳಿಯುತ್ತದೆಯೇ?

ಕೊಲೆಯಾದವರ ಕಣ್ಣಿನಲ್ಲಿ ಕೊಲೆಗಾರನ ಮುಖ ಅಚ್ಚಾಗಿರುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಇದು ನಿಜವಲ್ಲ. ಆದರೆ ನಂಬಿದವರನ್ನು ದೂರುವಂತಿಲ್ಲ. ಹಾವಿನ ಕಣ್ಣಿನ ಬಗ್ಗೆ ಇಂಥದೇ ಮಾತು ನಮ್ಮಲ್ಲಿ ಹಳೆಯದು, ಮೇಲಾಗಿ ಇದರ ಹಿಂದೆ ನಿಜವಾದ ಪ್ರಯೋಗವೂ ಇದೆ. 1870ರ ದಶಕದ ಕೊನೆಯಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮೊಲದ ಕಣ್ಣಿಗೆ ಮೊದಲು ಕತ್ತಲು ಕವಿಸಿ, ಆಮೇಲೆ ಕೆಲವು ನಿಮಿಷ ಅದನ್ನು ಅಲುಗಾಡದಂತೆ ಕಿಟಕಿಯ ಬೆಳಕಿಗೆ ಹಿಡಿದು, ಕೊಂದ ಕೂಡಲೇ ರೆಟಿನಾವನ್ನು (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪರದೆಯನ್ನು) ಪಟಿಕದ ದ್ರಾವಣದಲ್ಲಿ ಇರಿಸಿದಾಗ ಕಿಟಕಿಯ ಸರಳುಗಳ ಗುರುತು ಕಂಡಿತ್ತು. ರೆಟಿನಾದ ರೋಡಾಪ್ಸಿನ್ ಎಂಬ ವರ್ಣದ್ರವ್ಯ ಬೆಳಕಿಗೆ ಮಾಸಿ ಮತ್ತೆ ತುಂಬಿಕೊಳ್ಳುತ್ತಲೇ ಇರುವುದರಿಂದ, ಓಡಾಡುವ ಮನುಷ್ಯನ ಮುಖ ಅಲ್ಲಿ ಹಾಗೆ ನಿಲ್ಲಲಾರದು. 1880ರಲ್ಲಿ ಮರಣದಂಡನೆಗೆ ಗುರಿಯಾದವನೊಬ್ಬನ ಕಣ್ಣಿನಲ್ಲಿ ದೊರೆತದ್ದೂ ಏನೆಂದು ಹೇಳಲಾಗದ ಮಸುಕು ಆಕಾರ ಮಾತ್ರ. ಇಂಥ ಸಂದೇಶ ಬಂದಾಗ ಅದು ಯಾವ ಪ್ರಕರಣ, ಯಾವ ನ್ಯಾಯಾಲಯ, ಯಾವ ವರ್ಷ ಎಂಬ ವಿವರವಿದೆಯೇ ಎಂದು ಮೊದಲು ನೋಡಿ; ಇದ್ದರೆ, ಅಂತರ್ಜಾಲದಲ್ಲಿ ಸಿಗುವ ತೀರ್ಪಿನೊಂದಿಗೆ ತಾಳೆ ಹಾಕಿ.