ಸತ್ತವರು ಯಾರ ಪೈಕಿ? ಬಲಪಂಥೀಯ ವ್ಯಾಖ್ಯಾನಕಾರರಿಗೊಂದು ಕಿರುಕೈಪಿಡಿ

ಅಮೆರಿಕದಲ್ಲಿ ಬಲಪಂಥೀಯ ರಾಜಕೀಯ ವ್ಯಾಖ್ಯಾನಕಾರರಾಗಲು ದೊಡ್ಡ ಬಂಡವಾಳವೇನೂ ಬೇಕಿಲ್ಲ. ಒಂದು ಮೈಕು, ಒಂದು ರಿಂಗ್ ಲೈಟು, ಕೋಟಿಗೆ ಸಿಕ್ಕಿಸಲು ಬಾವುಟದ ಪಿನ್ನು, ಬೆನ್ನ ಹಿಂದೆ ಒಂದು ಸಾಲು ದಪ್ಪ ಪುಸ್ತಕ. ಓದಿರಲೇಬೇಕು ಅಂತೇನಿಲ್ಲ. ಕಷ್ಟ ಇರುವುದು ಗಡಿಯಾರದಲ್ಲಿ. ಎಲ್ಲೋ ಗುಂಡು ಹಾರಿತು ಅನ್ನಿ. ಪೊಲೀಸರು ಟೇಪು ಕಟ್ಟಿ, ತೋಟಾ ಹೆಕ್ಕಿ, ಕ್ಯಾಮೆರಾ ತಿರುವಿ ಹಾಕಿ ಆರೋಪಿಯ ಹೆಸರು ಹೇಳುವ ಹೊತ್ತಿಗೆ ಒಂದೆರಡು ದಿನವಾದರೂ ಬೇಕು. ನಿಮ್ಮ ಕೈಲಿರುವುದು ಅರ್ಧ ಗಂಟೆ. ಅಷ್ಟರೊಳಗೆ ಕೊಂದವನ ಪಕ್ಷ, ಅವನಿಗೆ ತಲೆ ಕೆಡಿಸಿದ ಪ್ರೊಫೆಸರು, ದುಡ್ಡು ಕೊಟ್ಟ ಕೋಟ್ಯಧಿಪತಿ ಎಲ್ಲರನ್ನೂ ನೀವು ಘೋಷಿಸದಿದ್ದರೆ ಪಕ್ಕದ ಚಾನೆಲ್ಲಿನವನು ಘೋಷಿಸಿರುತ್ತಾನೆ.

ಹಾಗಾಗಿ ಕೊಂದವರು ಯಾರು ಅಂತ ಕೇಳುತ್ತ ಕೂರಬೇಡಿ. ಸತ್ತವರು ಯಾರ ಪೈಕಿ ಅಂತ ಕೇಳಿ. ಉಳಿದದ್ದೆಲ್ಲ ತಾನೇ ಬರುತ್ತದೆ.

2025ರ ಸೆಪ್ಟೆಂಬರ್ 10ರಂದು ಯೂಟಾ ವ್ಯಾಲಿ ವಿಶ್ವವಿದ್ಯಾಲಯದ ಬಯಲಿನಲ್ಲಿ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರಿಸುತ್ತ ಕೂತಿದ್ದ ಬಲಪಂಥೀಯ ವ್ಯಾಖ್ಯಾನಕಾರ ಚಾರ್ಲಿ ಕರ್ಕ್ ಗುಂಡೇಟಿಗೆ ಸತ್ತರು. ವಯಸ್ಸು 31, ಇಬ್ಬರು ಪುಟ್ಟ ಮಕ್ಕಳು. ಅದು ಹೇಯ ಕೊಲೆ, ಅದರಲ್ಲಿ ಎರಡು ಮಾತಿಲ್ಲ. ಆರೋಪಿ ಸಿಕ್ಕಿದ್ದು ಮರುದಿನ ರಾತ್ರಿ. ಆದರೆ ಕೊಲೆಯಾದ ರಾತ್ರಿಯೇ ಅಧ್ಯಕ್ಷ ಟ್ರಂಪ್ ತಮ್ಮ ಕಚೇರಿಯಿಂದ ಮಾತಾಡಿ, ಇದಕ್ಕೆಲ್ಲ ಉಗ್ರ ಎಡಪಂಥೀಯರ ಮಾತುಗಳೇ ಕಾರಣ ಎಂದು ತೀರ್ಪು ಕೊಟ್ಟಾಗಿತ್ತು. ರಾಜಕೀಯ ಹಿಂಸೆಯ ಒಂದು ಪಟ್ಟಿಯನ್ನೂ ಹೇಳಿದರು. 2024ರ ಬಟ್ಲರ್ ಪ್ರಚಾರಸಭೆಯಲ್ಲಿ ತಮ್ಮ ಕಿವಿ ಸವರಿಹೋದ ಗುಂಡು ಅದರಲ್ಲಿತ್ತು. 2017ರಲ್ಲಿ ಸಂಸದ ಸ್ಟೀವ್ ಸ್ಕಲೀಸ್ ಮೇಲೆ ನಡೆದ ದಾಳಿಯಿತ್ತು. ಇರದಿದ್ದದ್ದು ಮೂರು ತಿಂಗಳ ಹಿಂದಿನ ಒಂದು ಘಟನೆ: ಜೂನ್ 14ರ ನಸುಕಿನಲ್ಲಿ ಪೊಲೀಸ್ ವೇಷದಲ್ಲಿ ಬಂದವನೊಬ್ಬ ಮಿನೆಸೋಟದ ಡೆಮಾಕ್ರಟ್ ಶಾಸಕಿ ಮೆಲಿಸ್ಸಾ ಹಾರ್ಟ್‌ಮನ್ ಮತ್ತು ಅವರ ಗಂಡನನ್ನು ಮನೆಗೇ ನುಗ್ಗಿ ಕೊಂದದ್ದು. ಕರ್ಕ್ ಅವರಿಗಾಗಿ ಇಳಿಸಿದ ಬಾವುಟವನ್ನು ಹಾರ್ಟ್‌ಮನ್ ಅವರಿಗೇಕೆ ಇಳಿಸಲಿಲ್ಲ ಎಂದು ಪತ್ರಕರ್ತರು ಕೇಳಿದ್ದಕ್ಕೆ ಟ್ರಂಪ್ ಮರುಪ್ರಶ್ನೆ ಹಾಕಿದರು: ಯಾರಿಗೆ?

ಅತ್ತೆ ಒಡೆದದ್ದು ಒಡಕು ಗಡಿಗೆ, ಸೊಸೆ ಒಡೆದದ್ದು ಹೊಸ ಗಡಿಗೆ. ವಾಷಿಂಗ್ಟನ್ನಿನಲ್ಲಿ ಈ ಲೆಕ್ಕ ಹೆಣಕ್ಕೂ ಅನ್ವಯಿಸುತ್ತದೆ.

ಹಾರ್ಟ್‌ಮನ್ ಪ್ರಕರಣದಲ್ಲಿ ಇನ್ನೂ ಒಂದು ಕಸುಬುದಾರಿಕೆ ಇದೆ. ಆರೋಪಿಯ ಬಳಿ ಸಿಕ್ಕ ಪಟ್ಟಿಯಲ್ಲಿದ್ದವರು ಬಹುತೇಕ ಡೆಮಾಕ್ರಟರು. ಆದರೂ ಯೂಟಾದ ಸೆನೆಟರ್ ಮೈಕ್ ಲೀ, ಮಾರ್ಕ್ಸ್‌ವಾದಿಗಳಿಗೆ ಬೇಕಾದ್ದು ಸಿಗದಿದ್ದರೆ ಹೀಗೇ ಆಗುವುದು ಎಂದು ಬರೆದು ಹಾಕಿದರು. ಎರಡು ದಿನ ಬಿಟ್ಟು ಅಳಿಸಿದರು. ಹೊಸಬರು ಈ ಅವಧಿಯನ್ನು ಗುರುತು ಹಾಕಿಕೊಳ್ಳಬೇಕು. ಒಂದು ಗಂಟೆಯಲ್ಲಿ ಅಳಿಸಿದರೆ ಹೆದರಿದಂತೆ, ಒಂದು ವಾರ ಬಿಟ್ಟರೆ ಕ್ಷಮೆ ಕೇಳಬೇಕಾಗುತ್ತದೆ. ಎರಡು ದಿನದಲ್ಲಿ ಹರಡಬೇಕಾದ್ದು ಹರಡಿರುತ್ತದೆ, ಕೇಳಿದರೆ ಅಳಿಸಿದ್ದೇವಲ್ಲ ಅನ್ನಬಹುದು.

ಕರ್ಕ್ ಸತ್ತಾಗ ಹಿಗ್ಗಿ ಕುಣಿದ ಎಡಪಂಥೀಯರೂ ಇದ್ದರು. ಅವರ ಕೈಲಿರುವುದೂ ಇದೇ ಕೈಪಿಡಿ, ರಟ್ಟಿನ ಬಣ್ಣ ಮಾತ್ರ ಬೇರೆ. ವ್ಯತ್ಯಾಸ ಏನೆಂದರೆ, ಆ ಹೊತ್ತಿಗೆ ಪರವಾನಗಿ, ವೀಸಾ, ಪೊಲೀಸು ಯಾವುದೂ ಅವರ ಕೈಲಿರಲಿಲ್ಲ.

ಈಗ ವಾಕ್ ಸ್ವಾತಂತ್ರ್ಯ. ಇದನ್ನು ಹೊರದೇಶಕ್ಕೆ ಹೋಗುವಾಗ ತಪ್ಪದೆ ಒಯ್ಯಬೇಕು, ಮನೆಗೆ ಬಂದೊಡನೆ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. 2025ರ ಫೆಬ್ರುವರಿಯಲ್ಲಿ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಮ್ಯೂನಿಕ್ ಭದ್ರತಾ ಸಮ್ಮೇಳನಕ್ಕೆ ಹೋಗಿ, ನೀವು ಜನರ ಬಾಯಿ ಮುಚ್ಚಿಸುತ್ತಿದ್ದೀರಿ ಎಂದು ಯುರೋಪಿನವರಿಗೆ ಪಾಠ ಹೇಳಿ ಬಂದರು. ಏಳು ತಿಂಗಳಿಗೆ ಅವರೇ ಕರ್ಕ್ ಅವರ ಕಾರ್ಯಕ್ರಮದಲ್ಲಿ ಕೂತು, ಈ ಸಾವನ್ನು ಸಂಭ್ರಮಿಸುವವರು ಕಂಡರೆ ಅವರ ಮಾಲೀಕರಿಗೆ ಫೋನು ಮಾಡಿ ಎಂದು ಕೇಳುಗರಿಗೆ ಹೇಳಿದರು. ಅಟಾರ್ನಿ ಜನರಲ್ ಪ್ಯಾಮ್ ಬಾಂಡಿ ದ್ವೇಷ ಭಾಷಣದ ಬೆನ್ನು ಹತ್ತುತ್ತೇವೆ ಎಂದರು. ದ್ವೇಷ ಭಾಷಣ ಎಂಬುದೇ ಅಮೆರಿಕದ ಕಾನೂನಿನಲ್ಲಿಲ್ಲ ಎಂದು ವರ್ಷದ ಹಿಂದೆ ಬರೆದಿದ್ದವರು ಸ್ವತಃ ಕರ್ಕ್. ಸತ್ತವರ ಗೌರವಕ್ಕಾಗಿ ಸತ್ತವರ ಅಭಿಪ್ರಾಯವನ್ನೇ ಹೂಳಬೇಕಾಗಿ ಬಂತು. ಪ್ರಸಾರ ನಿಯಂತ್ರಣ ಆಯೋಗದ ಅಧ್ಯಕ್ಷ ಬ್ರೆಂಡನ್ ಕಾರ್, ಸುಲಭದ ದಾರಿಯಲ್ಲೂ ಮಾಡಬಹುದು, ಕಷ್ಟದ ದಾರಿಯಲ್ಲೂ ಮಾಡಬಹುದು ಎಂದು ಎಬಿಸಿ ವಾಹಿನಿಗೆ ಎಚ್ಚರಿಕೆ ಕೊಟ್ಟ ದಿನವೇ, ಕರ್ಕ್ ಕೊಲೆಯ ಬಗ್ಗೆ ಮಾತಾಡಿದ್ದ ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ಕಾರ್ಯಕ್ರಮ ನಿಂತಿತು. ಆರು ದಿನಕ್ಕೆ ವಾಪಸು ಬಂತು. ಇದು ಮಾಫಿಯಾದವರ ಭಾಷೆಯಾಯಿತಲ್ಲ ಎಂದವರು ಎಡಪಂಥೀಯರಲ್ಲ, ಟೆಕ್ಸಸ್‌ನ ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಸ್. ಇಂಥ ಅಪಸ್ವರ ಆಗೀಗ ಬರುತ್ತದೆ. ಜಾಹೀರಾತು ಹಾಕಿ ದಾಟಿಸಿ.

ಸೆಪ್ಟೆಂಬರ್ 21ರಂದು ಅರಿಜೋನದಲ್ಲಿ ನಡೆದ ಸ್ಮರಣ ಸಭೆಯಲ್ಲಿ ಕರ್ಕ್ ಅವರ ಹೆಂಡತಿ, ಗಂಡನನ್ನು ಕೊಂದ ಹುಡುಗನನ್ನು ಕ್ಷಮಿಸಿದ್ದೇನೆ ಎಂದರು. ಅವರ ನಂತರ ಮಾತಾಡಿದ ಟ್ರಂಪ್, ನನ್ನ ವಿರೋಧಿಗಳನ್ನು ನಾನು ದ್ವೇಷಿಸುತ್ತೇನೆ, ಅವರಿಗೆ ಒಳ್ಳೆಯದಾಗಲಿ ಅಂತ ಬಯಸುವುದಿಲ್ಲ ಎಂದರು. ಈ ದ್ವೇಷಕ್ಕೆ ಬಾಂಡಿ ಅವರು ಯಾರ ಬೆನ್ನನ್ನೂ ಹತ್ತಲಿಲ್ಲ.

ಬಂದೂಕಿನ ಹಕ್ಕಿಗೂ ಇದೇ ಕ್ರಮ. 2020ರಲ್ಲಿ ವಿಸ್ಕಾನ್ಸಿನ್‌ನ ಕೆನೋಶಾದ ಪ್ರತಿಭಟನೆಗೆ ರೈಫಲ್ ಹಿಡಿದು ಬಂದ 17ರ ಹುಡುಗ ಇಬ್ಬರನ್ನು ಕೊಂದ. ನ್ಯಾಯಾಲಯ ಆತ್ಮರಕ್ಷಣೆ ಎಂದು ಬಿಟ್ಟಿತು, ವ್ಯಾಖ್ಯಾನಕಾರರು ವೀರನೆಂದು ಮೆರೆಸಿದರು. 2026ರ ಜನವರಿ 24ರಂದು ಮಿನಿಯಾಪೊಲಿಸ್‌ನಲ್ಲಿ, ಪರವಾನಗಿ ಇದ್ದ ಪಿಸ್ತೂಲು ಸೊಂಟದಲ್ಲಿದ್ದ ಐಸಿಯು ನರ್ಸ್ ಒಬ್ಬ ಗಡಿ ಗಸ್ತಿನವರ ಗುಂಡಿಗೆ ಸತ್ತ. ಎಫ್‌ಬಿಐ ನಿರ್ದೇಶಕ ಕಾಶ್ ಪಟೇಲ್ ಅವರಿಗೆ ಮರುದಿನ ಹೊಳೆಯಿತು: ಪ್ರತಿಭಟನೆಗೆ ಗುಂಡು ತುಂಬಿದ ಬಂದೂಕು ತರುವಂತಿಲ್ಲ. ಬಂದೂಕು ಮಾಲೀಕರ ಸಂಘಗಳೇ ಬೆಚ್ಚಿಬಿದ್ದು, ತರಬಹುದು ಸ್ವಾಮಿ, ಅದೇ ಅಲ್ಲವೇ ಸಂವಿಧಾನದ ಎರಡನೇ ತಿದ್ದುಪಡಿ ಕೊಟ್ಟ ಹಕ್ಕು ಎಂದು ನೆನಪಿಸಬೇಕಾಯಿತು.

ಗಡೀಪಾರಿನ ಮಾತಿಗೆ ಕಾನೂನು ತಿಳಿದಿರಬೇಕಿಲ್ಲ, ಪ್ರಾಸ ಬರಬೇಕು. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜವುಗಿನಲ್ಲಿ ಹಳೆಯ ತರಬೇತಿ ರನ್‌ವೇ ಮೇಲೆ ಎಂಟೇ ದಿನದಲ್ಲಿ ಟೆಂಟು ಹೊಡೆದು, ಒಳಗೆ ವಲಸಿಗರನ್ನು ಕೂಡಿಡಲು ತಂತಿಬಲೆಯ ಪಂಜರ ನಿಲ್ಲಿಸಿ, ದ್ವೀಪದ ಹಳೆಯ ಕುಖ್ಯಾತ ಜೈಲನ್ನು ನೆನೆದು 'ಅಲಿಗೇಟರ್ ಅಲ್ಕಟ್ರಾಜ್' ಎಂದು ಹೆಸರಿಟ್ಟರು. ವರ್ಷದ ಖರ್ಚಿನ ಅಂದಾಜು 45 ಕೋಟಿ ಡಾಲರ್. ಹಾಸಿಗೆಯೊಂದಕ್ಕೆ ದಿನಕ್ಕೆ ಸುಮಾರು 245 ಡಾಲರ್, ಸೊಳ್ಳೆ ಬಿಟ್ಟಿ. 2025ರ ಜುಲೈ 1ರಂದು ನೋಡಲು ಹೋದ ಟ್ರಂಪ್, ಮೊಸಳೆ ಅಟ್ಟಿಸಿಕೊಂಡು ಬಂದರೆ ನೆಟ್ಟಗೆ ಓಡಬಾರದು, ಅಂಕುಡೊಂಕಾಗಿ ಓಡಬೇಕು ಎಂದು ಕೈಯಲ್ಲೇ ಓಡಿ ತೋರಿಸಿದರು. ಬದುಕುವ ಸಾಧ್ಯತೆ ಶೇ 1ರಷ್ಟು ಹೆಚ್ಚುತ್ತದಂತೆ. ಮೊಸಳೆ ಬಲ್ಲವರು ಹೇಳುವುದು ನೆಟ್ಟಗೆ ಓಡಿ ಅಂತ. ರಿಪಬ್ಲಿಕನ್ ಪಕ್ಷದ ಫ್ಲಾರಿಡಾ ಘಟಕ ಅದೇ ಹೆಸರಿನ ಟೀ ಶರ್ಟು, ಟೋಪಿ ಮಾರಾಟಕ್ಕಿಟ್ಟಿತು. ಸೆರೆಮನೆಗೊಂದು ಟೀ ಶರ್ಟು ಇರುವುದು ನಾಗರಿಕತೆಯ ಬೆಳವಣಿಗೆಯೇ ಸರಿ.

ಪ್ರಾಸದ ಚಟ ಹತ್ತಿದರೆ ಬಿಡುವುದಿಲ್ಲ. ನೆಬ್ರಾಸ್ಕದಲ್ಲಿ 'ಕಾರ್ನ್‌ಹಸ್ಕರ್ ಕ್ಲಿಂಕ್', ಲೂಯಿಸಿಯಾನದಲ್ಲಿ 'ಲೂಯಿಸಿಯಾನ ಲಾಕಪ್', ಇಂಡಿಯಾನದಲ್ಲಿ 'ಸ್ಪೀಡ್‌ವೇ ಸ್ಲ್ಯಾಮರ್'. ಕೆಡುವುದು ಇಂಥಲ್ಲೇ. ಕೊನೆಯದಕ್ಕೆ ಗೃಹಭದ್ರತಾ ಇಲಾಖೆ ಹಾಕಿದ ಚಿತ್ರದಲ್ಲಿ ಜೈಲಿನ ಮುಂದೆ ಒಂದು ರೇಸ್ ಕಾರು, ಅದರ ಮೇಲೆ 5 ಎಂಬ ಅಂಕಿ. ಇಂಡಿಕಾರ್ ಪಂದ್ಯದಲ್ಲಿ ಆ ಅಂಕಿಯ ಕಾರು ಓಡಿಸುವವರು ಪಾಟೊ ಓವಾರ್ಡ್, ಮೆಕ್ಸಿಕೋದವರು. ಇಂಡಿಕಾರ್ ನಮ್ಮನ್ನು ಕೇಳಿಯೇ ಇಲ್ಲ ಎಂದಿತು. ಆಮೇಲೆ ಬಂಧನದ ದೃಶ್ಯಗಳಿಗೆ ಪೋಕೆಮಾನ್ ಹಾಡು ಅಂಟಿಸಿದಾಗ ಆ ಕಂಪನಿಯೂ ಅದನ್ನೇ ಹೇಳಿತು. ಅನುಮತಿ ಪತ್ರವಿಲ್ಲದೆ ಒಳನುಗ್ಗಿದವರನ್ನು ಹಿಡಿಯುವ ಇಲಾಖೆ ಇದು.

ಇನ್ನು ಅಂಕಿಸಂಖ್ಯೆ. ಶ್ವೇತಭವನದ ಸ್ಟೀಫನ್ ಮಿಲ್ಲರ್ ದಿನಕ್ಕೆ 3,000 ಬಂಧನದ ಗುರಿ ಕೊಟ್ಟರು. ಕೊಲೆಗಡುಕರನ್ನು, ಕಳ್ಳರನ್ನು ಹಿಡಿಯುತ್ತಿದ್ದೇವೆ ಎಂದು ಮೈಕಿನಲ್ಲಿ ಹೇಳುವುದು ಸುಲಭ. ಆದರೆ ದಿನಕ್ಕೆ 3,000 ಕೊಲೆಗಡುಕರನ್ನು ಎಲ್ಲಿಂದ ತರುವುದು? ಅವರು ಒಬ್ಬೊಬ್ಬರನ್ನೂ ಹುಡುಕಲು ವಾರಗಳು ಬೇಕು. ಹೋಮ್ ಡಿಪೊ ಅಂಗಡಿಯ ಪಾರ್ಕಿಂಗಿನಲ್ಲಿ ಗಾರೆ ಕೆಲಸಕ್ಕೆ ಕಾದು ನಿಂತವರು ಬೆಳಗ್ಗೆ ಆರಕ್ಕೇ ಸಿಗುತ್ತಾರೆ. ಗುರಿ ಮುಟ್ಟುವುದು ಹೀಗೆ.

2025ರ ಸೆಪ್ಟೆಂಬರ್ 4ರಂದು ಜಾರ್ಜಿಯಾದ ಎಲ್ಲಬೆಲ್‌ನಲ್ಲಿ ಈ ಗುರಿಯೂ ರಾಜತಾಂತ್ರಿಕತೆಯೂ ಮುಖಾಮುಖಿ ಡಿಕ್ಕಿ ಹೊಡೆದವು. ಹ್ಯುಂಡೈ ಮತ್ತು ಎಲ್‌ಜಿ ಕಟ್ಟುತ್ತಿದ್ದ ಬ್ಯಾಟರಿ ಕಾರ್ಖಾನೆಗೆ ನುಗ್ಗಿ 475 ಜನರನ್ನು ಹಿಡಿದರು. ಅವರಲ್ಲಿ 317 ಮಂದಿ ದಕ್ಷಿಣ ಕೊರಿಯಾದವರು. ಸೊಂಟಕ್ಕೆ, ಕಾಲಿಗೆ ಸರಪಳಿ ಬಿಗಿದು ಬಸ್ಸು ಹತ್ತಿಸುವ ವಿಡಿಯೋವನ್ನು ಸರ್ಕಾರವೇ ಬಿಡುಗಡೆ ಮಾಡಿತು. ಅಮೆರಿಕದಲ್ಲಿ 35,000 ಕೋಟಿ ಡಾಲರ್ ಹೂಡುತ್ತೇವೆಂದು ಕೊರಿಯಾ ಮಾತು ಕೊಟ್ಟು ಆರು ವಾರವೂ ಆಗಿರಲಿಲ್ಲ. ಅದರ ಅಧ್ಯಕ್ಷರು ಶ್ವೇತಭವನದಲ್ಲಿ ಕೈಕುಲುಕಿ ಹೋಗಿ ಹತ್ತೇ ದಿನವಾಗಿತ್ತು.

ಕಾರ್ಖಾನೆ ಕಟ್ಟಿದವರಿಗೆ ಇದರ ಒಳಗುಟ್ಟು ಗೊತ್ತು. ಬ್ಯಾಟರಿ ಯಂತ್ರಗಳು ಕೊರಿಯಾದಿಂದ ಬಿಡಿಬಿಡಿಯಾಗಿ ಬರುತ್ತವೆ. ಜೋಡಿಸಿ, ಓಡಿಸಿ ನೋಡಿ, ಸ್ಥಳೀಯರಿಗೆ ಕಲಿಸಿ ಹೋಗಲು ಅಲ್ಲಿಯ ತಂತ್ರಜ್ಞರೇ ಕೆಲವು ತಿಂಗಳು ಬಂದಿರಬೇಕು. ಇಂಥವರಿಗೆಂದೇ ಮಾಡಿದ ವೀಸಾ ಇರಲಿಲ್ಲ. ಕುಶಲ ಕೆಲಸಗಾರರ ಎಚ್-1ಬಿ ವೀಸಾದ ಲಾಟರಿ ವರ್ಷಕ್ಕೊಮ್ಮೆ, ಯಂತ್ರ ಅದಕ್ಕಾಗಿ ಕಾಯುವುದಿಲ್ಲ. ಹಾಗಾಗಿ ವ್ಯವಹಾರದ ಬಿ-1 ವೀಸಾದಲ್ಲೋ ಕಿರು ಭೇಟಿಯ ಅನುಮತಿಯಲ್ಲೋ ಬರುತ್ತಾರೆ. ಎಲ್ಲರಿಗೂ ಗೊತ್ತಿದ್ದೂ ವರ್ಷಗಟ್ಟಲೆ ನಡೆದುಬಂದದ್ದು. ಹಿಡಿದ ಮೇಲೆ ಟ್ರಂಪ್ ಅವರಿಗೆ ಹೊಳೆದದ್ದೇನೆಂದರೆ, ಇವರು ಹೋದರೆ ನಮ್ಮವರಿಗೆ ಕಲಿಸುವವರು ಯಾರು? ಉಳಿಯುತ್ತೀರಾ ಎಂದು ಕೇಳಿಸಲು ವಿಮಾನ ಒಂದು ದಿನ ತಡವಾಯಿತು. ಕಾಲಿನ ಸರಪಳಿ ಬಿಚ್ಚಿ, ದಯವಿಟ್ಟು ಮೇಷ್ಟರಾಗಿ ಎಂದು ಕೇಳಿದಾಗ ಉಳಿದವರು ಒಬ್ಬರು. ನವೆಂಬರಿನಲ್ಲಿ ಫಾಕ್ಸ್ ವಾಹಿನಿಯಲ್ಲಿ ಟ್ರಂಪ್ ಇದೇ ಜಾರ್ಜಿಯಾದ ಉದಾಹರಣೆ ಕೊಟ್ಟು, ಕೆಲವು ಕೌಶಲ ನಮ್ಮಲ್ಲಿಲ್ಲ, ಹೊರಗಿನವರು ಬೇಕು ಎಂದರು. ಎರಡು ತಿಂಗಳು ಆ ದಾಳಿಗೆ ಚಪ್ಪಾಳೆ ತಟ್ಟಿದ್ದ ವ್ಯಾಖ್ಯಾನಕಾರರ ಕೈ ಗಾಳಿಯಲ್ಲೇ ನಿಂತಿತು.

ನಮ್ಮವರ ಚಪ್ಪಾಳೆಯದೂ ಒಂದು ಕತೆ. 2016ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಹಿಂದೂ ಸೇನೆಯವರು ಟ್ರಂಪ್ ಗೆಲುವಿಗಾಗಿ ಹೋಮವನ್ನೇ ಮಾಡಿದ್ದರು. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು. ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿಕೊಂಡೇ ಬಂದೆವೆಂದರು ಇಳಿದವರು. ಅಕ್ರಮವಾಗಿ ಹೋದರೆ ಇನ್ನೇನಾಗುತ್ತದೆ ಎಂದು ಬೆಂಗಳೂರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸಮಾಧಾನವಿತ್ತು. ಸೆಪ್ಟೆಂಬರ್ 19ರ ಶುಕ್ರವಾರ ಸಕ್ರಮದವರ ಸರದಿ ಬಂತು: ಎಚ್-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ, ಭಾನುವಾರದಿಂದಲೇ ಜಾರಿ. ವಾಣಿಜ್ಯ ಕಾರ್ಯದರ್ಶಿ ಹೊವಾರ್ಡ್ ಲುಟ್ನಿಕ್ ವರ್ಷ ವರ್ಷವೂ ಕಟ್ಟಬೇಕೆಂದರು. ಮರುದಿನ ಶ್ವೇತಭವನದ ವಕ್ತಾರೆ, ಇಲ್ಲ, ಒಂದೇ ಸಲ, ಹೊಸ ಅರ್ಜಿಗೆ ಮಾತ್ರ ಎಂದರು. ಆ ನಡುವಿನ ಒಂದು ದಿನದಲ್ಲಿ ರಜೆಗೆಂದು ಊರಿಗೆ ಬಂದಿದ್ದವರು ಕಂಪನಿಯ ಮೇಲ್ ನೋಡಿ, ಸಿಕ್ಕ ಬೆಲೆಗೆ ಟಿಕೆಟು ಕೊಂಡು ವಿಮಾನ ನಿಲ್ದಾಣಕ್ಕೆ ಓಡಿದರು. ಮಂಜೂರಾಗುವ ಎಚ್-1ಬಿಗಳಲ್ಲಿ ಶೇ 70ಕ್ಕೂ ಹೆಚ್ಚು ಭಾರತೀಯರವು. ಹೋಮದ ತುಪ್ಪದ ಲೆಕ್ಕ ಯಾರೂ ಕೇಳಲಿಲ್ಲ.

ರಾಜತಾಂತ್ರಿಕತೆಯನ್ನು ಬೇಗ ಮುಗಿಸೋಣ, ಅದರಲ್ಲಿ ಕಲಿಯಲು ಹೆಚ್ಚೇನಿಲ್ಲ, ಎಣಿಸಲು ಬಂದರೆ ಸಾಕು. ನಿಲ್ಲಿಸಿದ ಯುದ್ಧಗಳ ಸಂಖ್ಯೆ ಆರು, ಏಳು, ಎಂಟು ಎಂದು ಏರುತ್ತಿರಬೇಕು. ಯುದ್ಧವೇ ನಡೆಯದ ಈಜಿಪ್ಟ್ ಮತ್ತು ಇಥಿಯೋಪಿಯಾದ ಅಣೆಕಟ್ಟು ಜಗಳವನ್ನೂ ಸೇರಿಸಿಕೊಳ್ಳಬಹುದು. ಅರ್ಮೇನಿಯಾ ಎನ್ನಬೇಕಾದಲ್ಲಿ ಅಲ್ಬೇನಿಯಾ ಎಂದರೂ ನಡೆಯುತ್ತದೆ. ಅಲ್ಬೇನಿಯಾದ ಪ್ರಧಾನಿ ಎಡಿ ರಾಮಾ ಫ್ರಾನ್ಸ್ ಅಧ್ಯಕ್ಷರನ್ನು ಹಿಡಿದು, ನಮಗೂ ಅಜರ್‌ಬೈಜಾನಿಗೂ ಟ್ರಂಪ್ ಶಾಂತಿ ಮಾಡಿಸಿದ್ದಕ್ಕೆ ನೀವು ಅಭಿನಂದನೆ ಹೇಳಲೇ ಇಲ್ಲವಲ್ಲ ಎಂದು ತಮಾಷೆ ಮಾಡಿದರು. 2025ರ ಮೇ 10ರ ಭಾರತ-ಪಾಕಿಸ್ತಾನ ಕದನ ವಿರಾಮ ಎರಡೂ ಸೇನೆಗಳ ನೇರ ಮಾತುಕತೆಯಿಂದ ಆದದ್ದು ಎಂದು ಭಾರತ ಎಷ್ಟು ಸಲ ಹೇಳಿದರೂ ಅದು ಪಟ್ಟಿಯಿಂದ ಇಳಿಯಲಿಲ್ಲ. ಪಾಕಿಸ್ತಾನ ಟ್ರಂಪ್ ಹೆಸರನ್ನು ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿಸುತ್ತೇವೆಂದ ಬೆನ್ನಿಗೇ ಅವರು ಇರಾನಿನ ಅಣು ಕೇಂದ್ರಗಳ ಮೇಲೆ ಬಾಂಬು ಹಾಕಿಸಿದರು. ಪಾಕಿಸ್ತಾನ ಅದನ್ನು ಖಂಡಿಸಿತು, ಸೂಚನೆಯನ್ನು ಹಿಂದೆಗೆಯಲಿಲ್ಲ. ಭಾರತ ಸೂಚಿಸಲಿಲ್ಲ. 2025ರ ಆಗಸ್ಟ್ 27ರಿಂದ ಭಾರತದ ಸರಕಿಗೆ ಶೇ 50 ಸುಂಕ ಬಿತ್ತು. ಅದರಲ್ಲಿ ಅರ್ಧ ರಷ್ಯಾದ ತೈಲ ಕೊಂಡದ್ದಕ್ಕೆ ಎಂದು ಕಾಗದದಲ್ಲಿತ್ತು.

ಸೆಪ್ಟೆಂಬರಿನಲ್ಲಿ ರಕ್ಷಣಾ ಇಲಾಖೆಗೆ ಯುದ್ಧ ಇಲಾಖೆ ಎಂಬ ಹೆಸರು ಬಂತು. ಡಿಸೆಂಬರಿನಲ್ಲಿ ಫುಟ್‌ಬಾಲ್ ಸಂಸ್ಥೆ ಫಿಫಾ, ಅದುವರೆಗೆ ಇಲ್ಲದಿದ್ದ ಶಾಂತಿ ಪ್ರಶಸ್ತಿಯನ್ನು ಹುಟ್ಟುಹಾಕಿ ಟ್ರಂಪ್ ಅವರಿಗೆ ಕೊಟ್ಟಿತು. ಒಂದು ತಿಂಗಳೊಳಗೆ, ಜನವರಿ 3ರಂದು, ಅಮೆರಿಕದ ಪಡೆಗಳು ವೆನೆಜುವೆಲಾಕ್ಕೆ ನುಗ್ಗಿ ಅಧ್ಯಕ್ಷ ಮಡುರೊ ಅವರನ್ನು ಹೊತ್ತು ತಂದವು. ನೊಬೆಲ್ ಗೆದ್ದಿದ್ದ ಅದೇ ದೇಶದ ಮರಿಯಾ ಕೊರಿನಾ ಮಚಾದೊ ತಮ್ಮ ಪದಕವನ್ನೇ ತಂದು ಟ್ರಂಪ್ ಕೈಗಿತ್ತರು. ಪದಕ ಕೈ ಬದಲಾಗಬಹುದು, ಪ್ರಶಸ್ತಿ ಬದಲಾಗದು ಎಂದರು ನೊಬೆಲ್‌ನವರು. ಅದೇ ಜನವರಿಯಲ್ಲಿ ಟ್ರಂಪ್ ನಾರ್ವೆಯ ಪ್ರಧಾನಿ ಸ್ಟೋರೆ ಅವರಿಗೆ ಬರೆದರು: ನಿಮ್ಮ ದೇಶ ನನಗೆ ನೊಬೆಲ್ ಕೊಡಲಿಲ್ಲವಾದ್ದರಿಂದ ಇನ್ನು ಬರೀ ಶಾಂತಿಯ ಬಗ್ಗೆಯೇ ಯೋಚಿಸುವ ಹಂಗು ನನಗಿಲ್ಲ, ಗ್ರೀನ್‌ಲ್ಯಾಂಡ್ ಬೇಕು. ಪ್ರಶಸ್ತಿ ಕೊಡುವುದು ಸರ್ಕಾರವಲ್ಲ, ಸ್ವತಂತ್ರ ಸಮಿತಿ ಎಂದು ಸ್ಟೋರೆ ಉತ್ತರಿಸಿದರು. ಗ್ರೀನ್‌ಲ್ಯಾಂಡ್ ಇರುವುದು ಡೆನ್ಮಾರ್ಕಿನ ಕೈಲಿ.