ಫ್ರಿಜ್ಜಿನ ತಲೆಯ ಮೇಲಿನ ಡಬ್ಬಿ

ಮಾತ್ರೆ ಇಡುವುದಕ್ಕೆಂದೇ ಡಬ್ಬಿ ಕೊಂಡುತಂದ ಮನೆಯನ್ನು ನಾನಿನ್ನೂ ಕಂಡಿಲ್ಲ. ಅದು ಯಾವಾಗಲೂ ಹಿಂದಿನ ಜನ್ಮದಲ್ಲಿ ಬೇರೇನೋ ಆಗಿದ್ದ ಡಬ್ಬಿ. ದುಬೈಯಿಂದ ಬಂದ ಭಾವಮೈದುನ ತಂದುಕೊಟ್ಟ ಬಿಸ್ಕತ್ತಿನ ನೀಲಿ ತಗಡಿನ ಡಬ್ಬ, ಗೃಹಪ್ರವೇಶದವರು ಮೈಸೂರುಪಾಕು ತುಂಬಿಸಿಕೊಟ್ಟ ಪ್ಲಾಸ್ಟಿಕ್ ಬಾಕ್ಸು, ಮುಚ್ಚಳ ಕಳೆದುಕೊಂಡ ಐಸ್‌ಕ್ರೀಮ್ ಡಬ್ಬ. ಕೆಲವರ ಮನೆಯಲ್ಲಿ ಅಷ್ಟೂ ಇಲ್ಲ. ಮೆಡಿಕಲ್ ಶಾಪಿನ ಕವರೊಳಗೊಂದು ಕವರು, ಅದರೊಳಗಿನ್ನೊಂದು ಕವರು, ಗಂಟು ಹಾಕಿ ಮೊಳೆಗೆ ನೇತುಬಿಟ್ಟಿದ್ದು. ಜಾಗ ಮಾತ್ರ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ, ಫ್ರಿಜ್ಜಿನ ತಲೆ. ಮಕ್ಕಳ ಕೈಗೆ ಎಟುಕಬಾರದು, ದೊಡ್ಡವರಿಗೆ ಕತ್ತಲಲ್ಲೂ ಸಿಗಬೇಕು ಅನ್ನುವ ಲೆಕ್ಕಕ್ಕೆ ಆ ಎತ್ತರ ಸರಿಯಾಗಿಯೇ ಇದೆ. ಆದರೆ ಸ್ಟ್ರಿಪ್ಪಿನ ಬೆನ್ನ ಮೇಲೆ ಭೂತಗನ್ನಡಿ ಬೇಡುವ ಅಕ್ಷರದಲ್ಲಿ ಬೇರೊಂದು ಮಾತು ಬರೆದಿರುತ್ತದೆ: ಬೆಳಕು, ತೇವ ತಾಗದ ಕಡೆ, 30 ಡಿಗ್ರಿ ಮೀರದ ಹಾಗೆ ಇಡಿ. ಫ್ರಿಜ್ಜು ಒಳಗಿನ ಬಿಸಿಯನ್ನೆಲ್ಲ ಹೊರಗೆ ಉಸಿರುಬಿಡುವ ಯಂತ್ರ. ಇನ್ನು ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ 30 ಡಿಗ್ರಿ ಎಲ್ಲಿ ಸಿಗುತ್ತದೆ ಎಂದು ಆ ಸ್ಟ್ರಿಪ್ಪು ಬರೆದವರನ್ನೇ ಕೇಳಬೇಕು.

ಈ ಡಬ್ಬಿ ತುಂಬುವುದು ಕಾಯಿಲೆ ಬಂದಾಗಲ್ಲ, ವಾಸಿಯಾದಾಗ. ಡಾಕ್ಟರು ಐದು ದಿನಕ್ಕೆ ಬರೆದುಕೊಟ್ಟಿರುತ್ತಾರೆ. ಮೂರನೇ ದಿನ ಬೆಳಿಗ್ಗೆ ಜ್ವರ ಇಳಿದು ಬಾಯಿಗೆ ರುಚಿ ಹತ್ತಿ ಎರಡು ಇಡ್ಲಿ ಒಳಗೆ ಹೋಯಿತೋ, ಮುಗಿಯಿತು. “ಸಾಕು ಬಿಡೋ, ಆಂಟಿಬಯಾಟಿಕ್ಕು ಹೀಟು” ಎಂದು ಮನೆಯ ಹಿರಿಯರು ಯಾವ ಪುಸ್ತಕದಲ್ಲೂ ಇಲ್ಲದ ಒಂದು ತೀರ್ಪು ಕೊಡುತ್ತಾರೆ. ಉಳಿದ ನಾಲ್ಕು ಮಾತ್ರೆ ಡಬ್ಬಿ ಸೇರುತ್ತವೆ. ಕಾಸು ಕೊಟ್ಟು ತಂದದ್ದು, ಎಸೆಯುವುದುಂಟೆ? ಹೀಗೆ ಶೇಖರವಾದ ಡಬ್ಬಿಯನ್ನು ಅಗೆಯುತ್ತ ಹೋದರೆ ಹಂಪಿಯ ಉತ್ಖನನದ ಹಾಗೆ ಪದರ ಪದರವಾಗಿ ಮನೆಯ ಚರಿತ್ರೆ ಸಿಗುತ್ತದೆ. ಮೇಲೆ ಹೋದ ವಾರದ ನೆಗಡಿ. ಅದರ ಕೆಳಗೆ ಚಾರ್ಮಾಡಿ ಘಾಟಿಯಲ್ಲಿ ಧರ್ಮಸ್ಥಳಕ್ಕೆ ಹೋಗುವಾಗ ವಾಂತಿಯಾಗದಿರಲೆಂದು ತಂದ ಅವೋಮಿನ್. ಅದಕ್ಕೂ ಕೆಳಗೆ ಕೊರೊನಾ ಕಾಲದ ಜಿಂಕ್, ವಿಟಮಿನ್ ಸಿ ಮತ್ತು ಬೆಂಗಳೂರಿನ ಕಂಪನಿಯೇ ತಯಾರಿಸುವ, ಆಗ ದೇಶಕ್ಕೆಲ್ಲ ಮನೆಮಾತಾದ ಡೋಲೊ 650. ತೀರ ತಳದಲ್ಲಿ ಯಾರದೋ ಕಣ್ಣಿನ ಆಪರೇಷನ್ನಿನ ಡ್ರಾಪ್ಸು. ಕಣ್ಣಿನ ಡ್ರಾಪ್ಸನ್ನು ಮುಚ್ಚಳ ತೆರೆದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳಾದರೆ ಬಿಸಾಡಬೇಕು. ಹಾಗಂತ ಅದರ ಮೇಲೇ ಬರೆದಿರುತ್ತದೆ. ಕಣ್ಣು ಸರಿಯಿಲ್ಲದವರಿಗೆ ಕೊಡುವ ಔಷಧಿಯ ಮೇಲೆ ಅಷ್ಟು ಸಣ್ಣ ಅಕ್ಷರ ಯಾಕೆ ಹಾಕುತ್ತಾರೋ!

ಡಬ್ಬಿಯ ನಿಜವಾದ ತಾಪತ್ರಯ ಶುರುವಾಗುವುದು ಮೆಡಿಕಲ್ ಶಾಪಿನ ಕತ್ತರಿಯಿಂದ. ನಾವು ಹತ್ತರ ಸ್ಟ್ರಿಪ್ಪನ್ನು ಪೂರ್ತಿ ಕೊಳ್ಳುವ ಜಾತಿಯಲ್ಲ. “ನಾಲ್ಕು ಕೊಡಿ ಸಾಕು, ಕಮ್ಮಿಯಾಗ್ಲಿಲ್ಲ ಅಂದ್ರೆ ಮತ್ತೆ ಬರ್ತೀನಿ” ಅನ್ನುತ್ತೇವೆ. ಅಂಗಡಿಯಾತ ಕತ್ತರಿ ತೆಗೆದು ಟಕ್ಕೆಂದು ನಾಲ್ಕನ್ನು ಬೇರ್ಪಡಿಸುತ್ತಾನೆ. ಎಕ್ಸ್‌ಪೈರಿ ತಾರೀಕು, ಬ್ಯಾಚ್ ನಂಬರು, ಎಂಆರ್‌ಪಿ ಎಲ್ಲವೂ ಅಚ್ಚಾಗಿರುವುದು ಸ್ಟ್ರಿಪ್ಪಿನ ಒಂದು ತುದಿಯಲ್ಲಿ. ಆ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಅವನನ್ನು ಬೈಯುವಂತಿಲ್ಲ, ಉಳಿದ ಆರನ್ನು ಅವನು ಮಾರಬೇಕಲ್ಲ. ನಮ್ಮ ಜೊತೆ ಮನೆಗೆ ಬರುವುದು ಹೆಸರಿನಲ್ಲಿ ಅರ್ಧ, ವಯಸ್ಸಿನಲ್ಲಿ ಪೂರ್ತಿ ಅನಾಥವಾದ ನಾಲ್ಕು ಮಾತ್ರೆಗಳು. ಆರು ತಿಂಗಳಾದ ಮೇಲೆ ಡಬ್ಬಿಯೊಳಗೆ ‘...ಸಿನ್ 500’ ಎಂದಷ್ಟೇ ಉಳಿದ ತುಂಡು ಕೈಗೆ ಬರುತ್ತದೆ. ಯಾವ ಸಿನ್ನು? ಸಿಪ್ರೊಫ್ಲಾಕ್ಸಸಿನ್ನಿನ ಬಾಲವೋ, ಅಜಿತ್ರೊಮೈಸಿನ್ನಿನ ಬಾಲವೋ? ಅಜಿತ್ರೊಮೈಸಿನ್ ಮೂರು ಮೂರರ ಪುಟ್ಟ ಸ್ಟ್ರಿಪ್ಪಿನಲ್ಲಿ ಬರುವುದರಿಂದ ಅದನ್ನು ಕತ್ತರಿಸುವವರು ಕಡಿಮೆ ಎಂಬ ತರ್ಕದ ಮೇಲೆ ಮನೆಯಲ್ಲಿ ಒಂದು ಗೋಷ್ಠಿಯೇ ನಡೆಯುತ್ತದೆ. 2023ರ ಆಗಸ್ಟಿನಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡ್ ಹಾಕಬೇಕೆಂದು ಸರ್ಕಾರ ಕಡ್ಡಾಯ ಮಾಡಿದೆ, ಮೊಬೈಲು ಹಿಡಿದರೆ ಔಷಧಿಯ ಜಾತಕವೆಲ್ಲ ಬರುತ್ತದೆ. ಬಹಳ ಒಳ್ಳೆಯದು. ಕತ್ತರಿಗೆ ಇದು ಗೊತ್ತಾಗಬೇಕಷ್ಟೆ.

ಹೀಗಾಗಿ ನಮ್ಮ ಮನೆಗಳಲ್ಲಿ ಮಾತ್ರೆಗಳನ್ನು ಗುರುತಿಸುವುದು ಬಣ್ಣದಿಂದ. ಗುಲಾಬಿಯದು ಬಿಪಿಗೆ, ದೊಡ್ಡ ಬಿಳಿಯದು ಶುಗರ್ರಿಗೆ, ಬಾಟಲಿಯಲ್ಲಿ ನೂರಿರುವ ಸಣ್ಣದು ಥೈರಾಯ್ಡಿಗೆ, ಅದು ಖಾಲಿ ಹೊಟ್ಟೆಗೆ, ಕಾಫಿಗೆ ಮುಂಚೆ. ಈ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತಿರುವಾಗ ಯಾರಾದರೂ ಬುದ್ಧಿವಂತ ಮಗ ಜನೌಷಧಿ ಕೇಂದ್ರದಿಂದ ಅದೇ ಬಿಪಿ ಮಾತ್ರೆಯನ್ನು ಕಡಿಮೆ ಬೆಲೆಗೆ ತಂದು ಅಮ್ಮನ ಮುಂದಿಡುತ್ತಾನೆ. ಒಳಗಿರುವ ಮದ್ದು ಅದೇ ಟೆಲ್ಮಿಸಾರ್ಟನ್ 40, ಆದರೆ ಬಣ್ಣ ಬೇರೆ, ಸ್ಟ್ರಿಪ್ಪು ಬೇರೆ. “ಇದು ನಂದಲ್ಲ” ಎನ್ನುತ್ತಾರೆ ಅಮ್ಮ. “ನಿಂದೇ ಅಮ್ಮ, ಹೆಸರು ನೋಡು.” “ಹೆಸರು ಯಾರ್ ನೋಡ್ತಾರೆ? ನಂದು ಗುಲಾಬಿ.” ಜೆನೆರಿಕ್ ಔಷಧಿಯ ಪ್ರಚಾರಕ್ಕೆ ಸರ್ಕಾರ ಏನೆಲ್ಲ ಜಾಹೀರಾತು ಮಾಡಿದರೂ ಈ ಗುಲಾಬಿಯನ್ನು ಗೆಲ್ಲುವುದು ಕಷ್ಟ. ಅಮ್ಮಂದಿರ ಮಾತಿನಲ್ಲಿ ಸ್ವಲ್ಪ ನ್ಯಾಯವೂ ಇದೆ. ಕನ್ನಡಕ ಹುಡುಕುವಷ್ಟರಲ್ಲಿ ತಿಂಡಿ ಆರಿಹೋಗುವ ವಯಸ್ಸಿನಲ್ಲಿ ಬಣ್ಣವೇ ಅಕ್ಷರ. ಅದನ್ನು ತಿಂಗಳಿಗೊಂದು ಸಲ ಬದಲಾಯಿಸುತ್ತ ಹೋದರೆ ಒಂದು ದಿನ ಬಿಪಿ ಮಾತ್ರೆ ಎರಡು ಸಲ, ಶುಗರ್ ಮಾತ್ರೆ ಸೊನ್ನೆ ಸಲ ಆಗುವುದು ಖಂಡಿತ.

ಮೊದಲು ಈ ಡಬ್ಬಿಯೇ ಇರಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗುವವರು ಖಾಲಿ ಸೀಸೆಯನ್ನು ತಾವೇ ತೊಳೆದುಕೊಂಡು ಒಯ್ಯುತ್ತಿದ್ದರು. ಕಂಪೌಂಡರು ಅದಕ್ಕೆ ಗುಲಾಬಿ ಬಣ್ಣದ ಮಿಕ್ಸ್ಚರು ಹುಯ್ದು, ಒಂದು ಕಾಗದದ ಪಟ್ಟಿಯನ್ನು ಮಡಿಸಿ, ಅಂಚಿನಲ್ಲಿ ಕಚ್ಚು ಕತ್ತರಿಸಿ, ಸೀಸೆಗೆ ಅಂಟಿಸುತ್ತಿದ್ದರು. ಒಂದು ಕಚ್ಚಿಗೆ ಒಂದು ಹೊತ್ತು. ಓದು ಬಾರದವರಿಗೂ ಎಷ್ಟು ಕುಡಿಯಬೇಕೆಂದು ತಿಳಿಯುತ್ತಿತ್ತು. ಮಕ್ಕಳಿಗಾದರೆ ಸಾಣೆಕಲ್ಲಿನ ಮೇಲೆ ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯ್ದು ಒಳಲೆಯಲ್ಲಿ ಹಾಕುತ್ತಿದ್ದ ಅಜ್ಜಿಯರಿದ್ದರು. ಅವರ ಡೋಸು ಸುತ್ತಿನ ಲೆಕ್ಕ, ಎರಡು ಸುತ್ತು, ಮೂರು ಸುತ್ತು. ಬಜೆಯ ಬೇರಿಗೆ ಎಕ್ಸ್‌ಪೈರಿ ಇರಲಿಲ್ಲ, ಅಕ್ಕನ ಮಕ್ಕಳಿಗೆ ತೇಯ್ದದ್ದೇ ತಂಗಿಯ ಮಕ್ಕಳಿಗೂ ಬರುತ್ತಿತ್ತು. ಆರು ತಿಂಗಳವರೆಗೆ ಕೂಸಿಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ ಎಂದು ಈಗಿನ ಡಾಕ್ಟರುಗಳು ಕಟ್ಟುನಿಟ್ಟಾಗಿ ಹೇಳುತ್ತಾರೆ, ಅದು ಸರಿಯೇ. ಅಂತೂ ಆ ಕಾಲದ ಸೀಸೆ ಖಾಲಿಯಾಗುತ್ತಿತ್ತು. ಉಳಿಸಿಕೊಳ್ಳಲು ಏನೂ ಇರುತ್ತಿರಲಿಲ್ಲ.

ಈಗ ಉಳಿದಿದೆ. ಉಳಿದದ್ದಕ್ಕೆ ದಾನಬುದ್ಧಿಯೂ ಬಂದಿದೆ. ಸಾಸಿವೆ, ಹೆಪ್ಪು, ಕರಿಬೇವು ಸಾಲ ಕೊಡುವುದು ಅಪಾರ್ಟ್‌ಮೆಂಟುಗಳಲ್ಲಿ ನಿಂತುಹೋದರೂ ಮಾತ್ರೆ ಸಾಲ ನಿಂತಿಲ್ಲ. “ರೀ, ಗಂಟಲು ನೋವಿಗೆ ಏನಾದ್ರೂ ಇದ್ಯೇನ್ರೀ?” ಎಂದು ಬಾಗಿಲಲ್ಲಿ ನಿಂತವರನ್ನು ಬರಿಗೈಲಿ ಕಳಿಸಿದರೆ ಆತಿಥ್ಯಕ್ಕೆ ಕುಂದು. “ತಾಳಿ, ನಮ್ಮನೆಯವ್ರಿಗೆ ಬಂದಾಗ ಡಾಕ್ಟ್ರು ಕೊಟ್ಟಿದ್ದು ಎರಡಿದೆ, ಒಂದೇ ದಿನಕ್ಕೆ ಬಿಟ್ಟೋಯ್ತು ಅಂತೀನಿ.” ಆ ಎರಡು ಮಾತ್ರೆಯ ಸ್ಟ್ರಿಪ್ಪಿನ ಎಡಗಡೆ ಉದ್ದಕ್ಕೂ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದ್ದು ಎಂದು ಆ ಗೆರೆಯ ಅರ್ಥ. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದರ ಬಗ್ಗೆ ದೊಡ್ಡ ಪ್ರಚಾರವನ್ನೇ ಮಾಡಿತು. ಆದರೂ ಎಷ್ಟೋ ಜನ ಅದನ್ನು ಸೀರೆಯ ಅಂಚಿನ ಥರದ ಡಿಸೈನೆಂದೇ ತಿಳಿದಿದ್ದಾರೆ. ಗಂಟಲು ನೋವುಗಳಲ್ಲಿ ಬಹುಪಾಲು ವೈರಸ್ಸಿನಿಂದ ಬರುವಂಥವು. ಆಂಟಿಬಯಾಟಿಕ್ಕಿಗೂ ವೈರಸ್ಸಿಗೂ ಯಾವ ವ್ಯವಹಾರವೂ ಇಲ್ಲ. ನಾಲ್ಕು ದಿನದಲ್ಲಿ ತಾನಾಗಿ ಹೋಗುವ ನೋವು ಹೋಗುತ್ತದೆ, ಹೆಸರು ಆ ಎರಡು ಮಾತ್ರೆಗೆ. ಅತ್ತ ದೇಹದಲ್ಲಿ ತಮ್ಮ ಪಾಡಿಗೆ ತಾವಿದ್ದ ಬ್ಯಾಕ್ಟೀರಿಯಾಗಳು ಆ ಔಷಧಿಯನ್ನು ಎದುರಿಸುವ ಪಾಠ ಕಲಿತುಕೊಳ್ಳುತ್ತವೆ. ಪಕ್ಕದ ಮನೆಯವರು ಎರಡು ದಿನ ಬಿಟ್ಟು ಬಂದು ಥ್ಯಾಂಕ್ಸ್ ಬೇರೆ ಹೇಳುತ್ತಾರೆ.

ಸಾಲದ ಮಾತ್ರೆಗಳಲ್ಲಿ ಸಾಧುವೆಂದು ಎಲ್ಲರೂ ನಂಬಿರುವುದು ಪ್ಯಾರಾಸಿಟಮಾಲನ್ನು. ಸಾಧು ಹೌದು, ಮಿತಿಯಲ್ಲಿದ್ದಾಗ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ದಾಟಬಾರದು, ದಾಟಿದರೆ ಯಕೃತ್ತಿಗೆ ಪೆಟ್ಟು. 650ರ ಆರು ಮಾತ್ರೆಗೇ 3900 ಮಿಲಿಗ್ರಾಂ ಆಗಿಹೋಯಿತು. ಇದಲ್ಲದೆ ನೆಗಡಿ ಮಾತ್ರೆ, ಮೈಕೈ ನೋವಿನ ಮಾತ್ರೆ ಎಂದು ಬೇರೆ ಬೇರೆ ವೇಷದಲ್ಲಿ ಬರುವ ಹಲವು ಮಾತ್ರೆಗಳ ಒಳಗೂ ಇದೇ ಪ್ಯಾರಾಸಿಟಮಾಲ್ ಕೂತಿರುತ್ತದೆ. ಜ್ವರಕ್ಕೊಂದು, ಶೀತಕ್ಕೊಂದು, ಸೊಂಟನೋವಿಗೊಂದು ಎಂದು ನುಂಗಿದವರು ಒಬ್ಬನನ್ನೇ ಮೂರು ಹೆಸರಿನಿಂದ ಊಟಕ್ಕೆ ಕರೆದಿರುತ್ತಾರೆ.

ತಾರೀಕು ಮುಗಿದ ಮಾತ್ರೆಗಳ ವಿಚಾರದಲ್ಲಿ ಮನೆಯಲ್ಲಿ ಎರಡು ಪಕ್ಷ. ಒಂದು, ತಾರೀಕು ದಾಟಿದ ಮರುದಿನವೇ ಅದು ವಿಷವಾಗುತ್ತದೆ ಎನ್ನುವ ಪಕ್ಷ. ಇನ್ನೊಂದು, “ಕಂಪನಿಯವ್ರು ವ್ಯಾಪಾರಕ್ಕೆ ಹಾಕಿರ್ತಾರೆ ಬಿಡಿ” ಎನ್ನುವ ಪಕ್ಷ. ಸತ್ಯ ಇಬ್ಬರನ್ನೂ ಅಷ್ಟಾಗಿ ಸಂತೋಷಪಡಿಸುವುದಿಲ್ಲ. ಅಮೆರಿಕದ ಸೈನ್ಯ ತನ್ನ ಉಗ್ರಾಣದ ಔಷಧಿಗಳನ್ನು ಪರೀಕ್ಷೆ ಮಾಡಿಸಿದಾಗ ಎಷ್ಟೋ ಔಷಧಿಗಳು ತಾರೀಕು ದಾಟಿ ವರ್ಷಗಳಾದರೂ ಸತ್ವ ಉಳಿಸಿಕೊಂಡಿದ್ದವು. ಎರಡನೇ ಪಕ್ಷ ಈಗ ಎದ್ದುನಿಂತು ಚಪ್ಪಾಳೆ ತಟ್ಟುವ ಮೊದಲು ಒಂದು ಮಾತು: ಅವು ಡಬ್ಬಿ ಒಡೆಯದೆ, ಹದವಾದ ತಂಪಿನಲ್ಲಿ ಕಾದಿಟ್ಟ ಔಷಧಿಗಳು. ಫ್ರಿಜ್ಜಿನ ತಲೆಯ ಮೇಲೆ ಬೆಂದವಲ್ಲ. ತೇವ ತಾಗಿದ ಆಸ್ಪಿರಿನ್ ಬಾಟಲಿಯ ಮುಚ್ಚಳ ತೆಗೆದರೆ ವಿನೆಗರಿನ ವಾಸನೆ ಬರುತ್ತದೆ, ಅದು ಒಡೆದು ಅಸಿಟಿಕ್ ಆಮ್ಲವಾಗಿರುವುದರ ಗುರುತು. ಮಕ್ಕಳ ಆಂಟಿಬಯಾಟಿಕ್ ಪುಡಿಗೆ ಕಾಯಿಸಿ ಆರಿಸಿದ ನೀರು ಬೆರೆಸಿ ಸಿರಪ್ಪು ಮಾಡಿದ ಮೇಲಂತೂ ಅದರ ಆಯಸ್ಸು ಹೆಚ್ಚುಕಡಿಮೆ ಒಂದೇ ವಾರ, ಹೊರಗಿನ ತಾರೀಕು ಏನೇ ಇರಲಿ.

ಹಾಗಾದರೆ ಎಸೆಯೋಣವೆಂದರೆ ಎಲ್ಲಿ? ಔಷಧಿ ಎಸೆದ ಮೇಲೂ ಔಷಧಿಯೇ. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗೆಂದೇ 2012ರಲ್ಲಿ ಧಾಮ ಮಾಡಬೇಕಾಗಿ ಬಂದ ಕಥೆಯ ಹಿಂದೆ ನಮ್ಮ ಮಂಡಿನೋವಿನ ಡೈಕ್ಲೋಫಿನಾಕ್ ಇದೆ. ನಮ್ಮ ಡಬ್ಬಿಯದಲ್ಲ, ದನಗಳಿಗೆ ಕೊಟ್ಟದ್ದು. ಆ ದನ ಸತ್ತಾಗ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು, ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹದ್ದುಗಳು ಹೋದವು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ಇದನ್ನು ಓದಿಕೊಂಡ ಮೇಲೆ ಕಮೋಡಿಗೆ ಮಾತ್ರೆ ಸುರಿದು ಫ್ಲಶ್ ಮಾಡಲು ಕೈ ಬರುವುದಿಲ್ಲ. ವಾಪಸು ತೆಗೆದುಕೊಳ್ಳಿ ಎಂದು ಮೆಡಿಕಲ್ ಶಾಪಿಗೆ ಒಯ್ದರೆ, ಹಳೇ ನೋಟು ತಂದವರನ್ನು ನೋಡುವ ದೃಷ್ಟಿಯಲ್ಲಿ ನೋಡುತ್ತಾರೆ.

ಬೇರೆ ದಾರಿ ಇಲ್ಲದಿದ್ದರೆ, ಸ್ಟ್ರಿಪ್ಪಿನಿಂದ ಬಿಡಿಸಿ, ಯಾರೂ ಬಾಯಿಗೆ ಹಾಕಿಕೊಳ್ಳದಂಥ ಏನಾದರೊಂದರಲ್ಲಿ ಕಲಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ ಎಂದು ಅಮೆರಿಕದ ಔಷಧ ಇಲಾಖೆ ಹೇಳುತ್ತದೆ. ಕಲಸುವುದಕ್ಕೆ ಅವರು ಸೂಚಿಸುವುದು ಮಣ್ಣು, ಸಾಕಿದ ಬೆಕ್ಕಿನ ಕಕ್ಕಸಿಗೆ ಹಾಕುವ ಮರಳು ಅಥವಾ ಬಸಿದ ಕಾಫಿಪುಡಿಯ ಗಸಿ. ಕೊನೆಗೂ ನಮ್ಮ ಅಡುಗೆಮನೆಗೆ ಒಗ್ಗುವ ಸಲಹೆಯೊಂದು ಸಿಕ್ಕಿತೆಂದು ನಾನು ಬೆಳಗಿನ ಫಿಲ್ಟರನ್ನು ಕೈಗೆತ್ತಿಕೊಂಡೆ.

“ಅದ್ನ ಮುಟ್ಬೇಡ” ಎಂದರು ಅಮ್ಮ. “ಗಸಿ ಗುಲಾಬಿ ಗಿಡಕ್ಕೆ ಬೇಕು. ಆ ಮಾತ್ರೆ ಅಲ್ಲೇ ಮೇಲಿಡು, ಯಾರಿಗಾದ್ರೂ ಬೇಕಾಗುತ್ತೆ.”