ಹಾಡಿ ಖಾಲಿ, ಲೆಕ್ಕ ಭರ್ತಿ

2021ಕ್ಕೆ ಬರಬೇಕಿದ್ದ ಜನಗಣತಿ 2027ಕ್ಕೆ ಬರುತ್ತಿದೆ. ತಡವಾಯಿತೆಂದು ಗೊಣಗಬೇಡಿ. ಎಚ್.ಡಿ. ಕೋಟೆ, ಹುಣಸೂರು ಕಡೆಯ ಆದಿವಾಸಿ ಹಾಡಿಗಳಲ್ಲಿ ಅಷ್ಟರಲ್ಲಿ ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ. 2011ರಲ್ಲಿ ಐದು ವರ್ಷದವಳಿದ್ದ ಹುಡುಗಿ ಈಗ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಿರಬಹುದು. ಕಡತದಲ್ಲಿ ಮಾತ್ರ ಅವಳಿನ್ನೂ '0–6 ವಯೋಮಾನ'.

ಎಣಿಕೆಗೆ ಆರಿಸಿದ ಮುಹೂರ್ತವಂತೂ ಭೇಷ್! ಕಳೆದ ಸಲ ಫೆಬ್ರವರಿ 9ರಿಂದ 28. ಈ ಸಲವೂ ಫೆಬ್ರವರಿಯೇ. ಕೊಡಗಿನಲ್ಲಿ ರೊಬಸ್ಟಾ ಕಾಫಿ ಹಣ್ಣಾಗುವ ಹೊತ್ತು. ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯ ಜೀಪು ಬಂದರೆ ಹಾಡಿಯಲ್ಲಿ ಉಳಿಯುವುದು ಅಜ್ಜಿ, ನಾಯಿ, ಬೀಗವಿಲ್ಲದ ಬಾಗಿಲು. ಎಣಿಕೆಯ ಅವಧಿಯುದ್ದಕ್ಕೂ ಮನೆಯಲ್ಲಿಲ್ಲದವರನ್ನು ಅವರು ಸಿಕ್ಕ ಜಾಗದಲ್ಲೇ ಎಣಿಸಬೇಕೆಂಬುದು ನಿಯಮ. ತೋಟದ ಲೈನ್ ಮನೆಯಲ್ಲಿ ಕೇಳಿದರೆ 'ಇವರು ಹಾಡಿಯವರು', ಹಾಡಿಯಲ್ಲಿ ಕೇಳಿದರೆ 'ತೋಟಕ್ಕೆ ಹೋಗಿದ್ದಾರೆ'. ಎರಡೂ ನಿಜವೇ.

ಸಿಕ್ಕವರ ಮೇಲೆ ಗಣಿತದ ಕೃಪೆ ಧಾರಾಳ. ಹಾಡಿಯೊಂದರಲ್ಲಿ ಆರರೊಳಗಿನ ಮಕ್ಕಳು ಏಳು, ಅದರಲ್ಲಿ ಐದು ಹೆಣ್ಣು ಅನ್ನಿ. ಮಕ್ಕಳ ಲಿಂಗಾನುಪಾತ (ಸಾವಿರ ಗಂಡಿಗೆ ಎಷ್ಟು ಹೆಣ್ಣು ಎಂಬ ಲೆಕ್ಕ) 2500! ರಾಜ್ಯದ್ದು ಬರೀ 948. ಮಳೆಗಾಲದಲ್ಲಿ ಇನ್ನೊಂದು ಗಂಡು ಹುಟ್ಟಿದರೆ 1667ಕ್ಕೆ ಕುಸಿತ. ತನಿಖೆಗೆ ಸಮಿತಿ ಬೇಕಾದೀತು. ಕಸುಬಿನ ಕಾಲಂ ಇನ್ನೂ ಚೆಂದ: ಸಾಗುವಳಿದಾರ, ಕೃಷಿ ಕಾರ್ಮಿಕ, ಗೃಹ ಕೈಗಾರಿಕೆ, ಇತರೆ. ಜೇನು ಕೀಳುವವನು 'ಇತರೆ'. ಕಾಫಿ ಕುಯ್ಯುವವಳೂ 'ಇತರೆ'. ವರ್ಷದಲ್ಲಿ ಆರು ತಿಂಗಳ ಕೆಲಸ ತುಂಬದಿದ್ದರೆ ಅವರು 'ಅಲ್ಪಾವಧಿ ಇತರೆ'.

ಹೆಸರಿನ ಕತೆಯೂ ಅಷ್ಟೆ. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ 'ಕಾಡು ಕುರುಬ' ಇತ್ತು, 'ಬೆಟ್ಟ ಕುರುಬ' ಇರಲಿಲ್ಲ. ಅದೇ ಜನ, ಅದೇ ಬೆಟ್ಟ. ಎರಡೂ ಒಂದೇ ಎಂದು ಒಪ್ಪಲು ಸಂಸತ್ತು 2022ರ ಡಿಸೆಂಬರಿನಲ್ಲಿ ಮಸೂದೆಯನ್ನೇ ಪಾಸು ಮಾಡಬೇಕಾಯಿತು. ಕಾಡಿನಲ್ಲಿ ಬೆಟ್ಟವಿದೆಯೋ ಬೆಟ್ಟದಲ್ಲಿ ಕಾಡಿದೆಯೋ ಎಂಬುದು ಸಣ್ಣ ಪ್ರಶ್ನೆಯೇ, ಹೇಳಿ?

ಕಂದಾಯ ಇಲಾಖೆಯಲ್ಲಿ 'ಬೇಚರಾಕ್ ಗ್ರಾಮ' ಎಂಬುದೊಂದಿದೆ. ದೀಪ ಹಚ್ಚಲು ನರಪಿಳ್ಳೆಯೂ ಇಲ್ಲದ ಊರು. 2011ರ ಲೆಕ್ಕದಲ್ಲಿ ರಾಜ್ಯದ 29,340 ಗ್ರಾಮಗಳಲ್ಲಿ ಜನವಸತಿ ಇದ್ದವು 27,397. ಉಳಿದ 1,943ಕ್ಕೆ ಹೆಸರಿದೆ, ನಕ್ಷೆಯಿದೆ, ಸರ್ವೆ ನಂಬರಿದೆ. ಜನ ಮಾತ್ರ ಇಲ್ಲ. ಹಾಡಿಯಲ್ಲಿ ಜನರಿದ್ದಾರೆ. ಒಲೆ ಉರಿಯುತ್ತದೆ, ಹೆಣ ಹೂಳುತ್ತಾರೆ, ಮತ ಹಾಕುತ್ತಾರೆ. ಆದರೂ ಅದು ಗ್ರಾಮವಲ್ಲ, ಪಕ್ಕದ ಯಾವುದೋ ಕಂದಾಯ ಗ್ರಾಮದ ಲೆಕ್ಕದಲ್ಲಿ ಕರಗಿದ ಒಂದು ಅಂಕಿ. ದಾಖಲೆಯಿಲ್ಲದ ಇಂಥ ವಸತಿಗಳನ್ನು ಕಂದಾಯ ಗ್ರಾಮ ಮಾಡುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಎಚ್) ಕೊಟ್ಟಿದೆ. ಇಪ್ಪತ್ತು ವರ್ಷ! ಎಷ್ಟು ಅರ್ಜಿ, ಎಷ್ಟು ಜಂಟಿ ಸರ್ವೆ, ಎಷ್ಟು ಸಲ 'ನಾಳೆ ಬಾ'. ನಗಲೂ ಬೇಸರ.

ಈಗ ರಸ್ತೆ ಕೇಳಿ ನೋಡಿ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ನಾಲ್ಕನೇ ಹಂತಕ್ಕೂ 2011ರ ಜನಸಂಖ್ಯೆಯೇ ಆಧಾರ: ಬಯಲು ಪ್ರದೇಶಕ್ಕೆ 500 ಜನ, ಸಂವಿಧಾನದ ಐದನೇ ಅನುಸೂಚಿಯ ಆದಿವಾಸಿ ಪ್ರದೇಶದಂಥ ಕೆಲವು ವಿಶೇಷ ಪ್ರದೇಶಗಳಿಗೆ 250. ಕರ್ನಾಟಕದಲ್ಲಿ ಐದನೇ ಅನುಸೂಚಿಯ ನೆಲ ಒಂದು ಗುಂಟೆಯೂ ಇಲ್ಲ. ಅರವತ್ತು ಮನೆಯ ಹಾಡಿ ಅಷ್ಟು ಮಂದಿಯನ್ನು ಎಲ್ಲಿಂದ ತರಬೇಕು? ಇದ್ದವರಲ್ಲೂ ಅರ್ಧ ಜನ ಆ ಫೆಬ್ರವರಿಯಲ್ಲಿ ಕೊಡಗಿನಲ್ಲಿ ಕಾಫಿ ಕುಯ್ಯುತ್ತಿದ್ದರು.